ನೂರು ಗ್ರಾಂ ಸೀಸ

ಬೀದಿಯವರು ಅವನನ್ನು ಮಿಲಿಗ್ರಾಂ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಗೋಡೆಗೆ ತೂಗುಹಾಕಿದ ಲೈಸೆನ್ಸಿನ ಮೇಲೆ ಮಸುಕಾಗಿ ಕೂತಿತ್ತೇ ಹೊರತು ಯಾರ ಬಾಯಿಗೂ ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ತಕ್ಕಡಿ ರಿಪೇರಿ ಅವನ ಕಸುಬು. ತರಕಾರಿಯವರ ತಕ್ಕಡಿ, ಅಕ್ಕಸಾಲಿಗರ ಪುಟ್ಟ ತ್ರಾಸು, ಗುಜರಿಯವರ ಮೂಟೆ ತೂಗುವ ಕಾಟಾ, ಎಲ್ಲವೂ ವರ್ಷಕ್ಕೊಮ್ಮೆ ಅವನ ಮೇಜು ಹತ್ತಿ ಇಳಿಯಲೇಬೇಕು. ಅವನು ಸರಿ ಎಂದರೆ ಸಾಕು, ತೂಕದ ಇಲಾಖೆಯ ಇನ್ಸ್‌ಪೆಕ್ಟರ್ ಮರುಮಾತಿಲ್ಲದೆ ಮುದ್ರೆ ಒತ್ತುತ್ತಿದ್ದ.

ಆ ನಂಬಿಕೆ ಪುಕ್ಕಟೆ ಬಂದದ್ದಲ್ಲ. ಒಮ್ಮೆ ಗುಜರಿಯವನೊಬ್ಬ ಬಂದು, ಕಾಟಾ ಸ್ವಲ್ಪ ತನ್ನ ಕಡೆ ವಾಲುವಂತೆ ಮಾಡಿಕೊಡು ಎಂದು ಕಿವಿಯಲ್ಲಿ ಪಿಸುಗುಟ್ಟಿದ್ದ. ಮಿಲಿಗ್ರಾಂ ಸ್ಕ್ರೂಡ್ರೈವರ್ ಹಿಡಿದು ಅವನನ್ನು ಬೀದಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿದ್ದ. ಅಂಗಡಿಗೆ ವಾಪಸು ಬಂದು ಏದುಸಿರು ಬಿಡುತ್ತ ಕೂತಾಗ ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತ್ತು. ಮಿಲಿಗ್ರಾಂ ಎಂಬ ಹೆಸರು ಅಂಟಿಕೊಂಡದ್ದು ಆವತ್ತೇ.

ಇಂಥ ಮನುಷ್ಯ ಒಂದು ಶಾಲೆಯ ತಕ್ಕಡಿಗೆ ಸುಳ್ಳು ಹೇಳುವುದನ್ನು ಕಲಿಸಿದ. ದುಡ್ಡಿನಾಸೆಗಲ್ಲ, ಯಾರ ಮೇಲಿನ ಸೇಡಿಗೂ ಅಲ್ಲ. ಹೆದರಿಕೆಗೆ.

ಹೆದರಿಕೆ ಹಳೆಯದು. ಚಿಕ್ಕಂದಿನಲ್ಲಿ ಅವನು ದಪ್ಪಗಿದ್ದ. ತರಗತಿಯ ಕೊನೆಯ ಬೆಂಚಿನ ಗೋಡೆ ಬದಿಯ ಜಾಗ ಅವನಿಗೆ ಖಾಯಂ. ಲೆಕ್ಕದ ಮೇಷ್ಟ್ರು ಪ್ರಶ್ನೆ ಕೇಳುವಾಗ ಅವನನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಯಾರಾದರೂ ನೆನಪಿಸಿದರೆ, "ಅವನನ್ನ ಬಿಡ್ರೋ, ಮೈಯೆಲ್ಲಾ ಮಾಂಸ, ತಲೆಯೆಲ್ಲಾ ಮಣ್ಣು," ಎನ್ನುತ್ತಿದ್ದರು. ಏಳನೇ ಕ್ಲಾಸಿಗೆ ಅವನೇ ಶಾಲೆ ಬಿಟ್ಟ. ಇನ್ನೂರು ಅಂಗಡಿಗಳ ತಕ್ಕಡಿಗಳ ಗುಣ, ದೋಷ, ಸಿಟ್ಟು ಸೆಡವು ಎಲ್ಲ ಬಾಯಿಪಾಠ ಇಟ್ಟುಕೊಂಡವನ ತಲೆಯಲ್ಲಿ ಮಣ್ಣು ಹೇಗಿರುತ್ತದೆ ಎಂದು ಯಾರೂ ಕೇಳಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ. ಮೇಷ್ಟ್ರು ಹೇಳಿದ್ದನ್ನೇ ನಂಬಿಬಿಟ್ಟಿದ್ದ.

ಅವನಿಗೆ ಒಬ್ಬಳೇ ಮಗಳು, ಹನ್ನೊಂದು ವರ್ಷ. ಮನೆಯಲ್ಲಿ ಪುಟ್ಟಾ, ಶಾಲೆಯಲ್ಲಿ ಡ್ರಮ್. ಹೋದ ವರ್ಷ ಅವಳ ಅಂಕಗಳು ಇಳಿದವು. "ಪಾಠದ ಕಡೆ ಗಮನ ಇಲ್ಲ" ಎಂದು ಟೀಚರ್ ಕಾರ್ಡಿನಲ್ಲಿ ಬರೆದರು. ಮಿಲಿಗ್ರಾಂ ಅದನ್ನು ಎರಡು ಸಲ ಓದಿದ. ಅವತ್ತಿನಿಂದ ಬೀದಿ ಮಕ್ಕಳ ಜೊತೆ ಆಟ ಬಂದ್. ಹಗ್ಗದಾಟದ ಹಗ್ಗ ಬೀರುವಿನ ಮೇಲೆ ಸೇರಿತು. ಶಾಲೆ ಬಿಟ್ಟ ಕೂಡಲೇ ಅವಳು ಅಂಗಡಿಗೆ ಬಂದು, ಸಾಮಾನು ಬಿಗಿಹಿಡಿಯುವ ವೈಸು ಕಚ್ಚಿಸಿದ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಮೂರು ಗಂಟೆ ಓದಬೇಕು. ಬಟ್ಟೆ ಅಂಗಡಿಯಲ್ಲಿ ಕೆಲಸ ಮುಗಿಸಿ ಬರುವ ಹೆಂಡತಿ ಅದನ್ನು ನೋಡಿದಾಗಲೆಲ್ಲ ಗೊಣಗುತ್ತಿದ್ದಳು.

"ಕೂರಿಸಿ ಕೂರಿಸಿ ಮಗೂನ ಮೂಟೆ ಮಾಡ್ತಿದ್ದೀರ ಕಣ್ರೀ. ಒಂದು ಗಂಟೆ ಆಡಕ್ಕೆ ಬಿಡಿ."

"ಆಡಿದ್ರೆ ಮಾರ್ಕ್ಸ್ ಬರುತ್ತಾ?"

"ಕೂತಿದ್ದಕ್ಕೆ ಬಂತಾ?"

ಅಂಕ ಇನ್ನೂ ಇಳಿದಿತ್ತು, ತೂಕ ಏರಿತ್ತು. ಪ್ರತಿ ಭಾನುವಾರ ಅಂಗಡಿಯ ತಕ್ಕಡಿ ಹತ್ತಿ ಇಳಿಯುವುದು ಮಗಳಿಗೆ ಚಿಕ್ಕಂದಿನಿಂದ ಆಟ. ಮೊದಲು ಅವನು ಆ ಅಂಕಿಯನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಆರು ತಿಂಗಳಿಂದ ಬರೆಯುವುದು ಬಿಟ್ಟಿದ್ದ.

ಒಂದು ಶುಕ್ರವಾರ ಶಾಲೆಯ ಡ್ರಿಲ್ ಟೀಚರ್ ಆಟೋದಲ್ಲಿ ಹಳೆಯ ತಕ್ಕಡಿಯೊಂದನ್ನು ಹೇರಿಕೊಂಡು ಬಂದರು. ಮಕ್ಕಳನ್ನು ನಿಲ್ಲಿಸಿ ತೂಗುವ ಕಂಬದ ತಕ್ಕಡಿ ಅದು. ಕೆಳಗೆ ಹಲಗೆ, ಮೇಲೆ ಅಂಕಿ ಕೊರೆದ ಅಡ್ಡಪಟ್ಟಿ, ಪಟ್ಟಿಯ ಮೇಲೆ ಅತ್ತಿತ್ತ ಸರಿಸುವ ಕಬ್ಬಿಣದ ಜಾರುಗುಂಡು. ಗುಂಡು ಯಾವ ಅಂಕಿಯ ಮೇಲಿದ್ದಾಗ ಪಟ್ಟಿ ಸಮನಾಗುತ್ತದೋ ಅದೇ ತೂಕ.

"ಸೋಮವಾರ ಡಾಕ್ಟರಮ್ಮ ಬರ್ತಾರೆ. ಅಷ್ಟರಲ್ಲಿ ಸರಿ ಮಾಡಿಕೊಡಿ ಮಿಲಿಗ್ರಾಂ ಅವ್ರೇ," ಎಂದರು ಟೀಚರ್. ಹೆಸರಿಗೆ 'ಅವ್ರೇ' ಸೇರಿಸಿದರೆ ಸಾಕು, ಮರ್ಯಾದೆ ಆಯಿತಲ್ಲ. "ಎಲ್ಲಾ ಮಕ್ಕಳ ತೂಕ, ಎತ್ತರ ನೋಡ್ತಾರೆ. ಆಮೇಲೆ ಓಡಿಸ್ತಾರೆ. ಅದಾದ ಮೇಲೆ ತಲೆಗೆ ಕೆಲಸ ಕೊಡೋ ಪರೀಕ್ಷೆ. ಚಿತ್ರ ಜೋಡಿಸೋದು, ನೆನಪಿಟ್ಟುಕೊಂಡು ಹೇಳೋದು, ಅಂಥದ್ದು. ಮೈಗೂ ತಲೆಗೂ ಏನು ನಂಟು ಅಂತ ನೋಡ್ತಾರಂತೆ."

"ತೂಕ ಜಾಸ್ತಿ ಇದ್ರೆ?"

"ಅವರದ್ದು ಪಟ್ಟಿ ಮಾಡ್ತಾರೆ. ಪಟ್ಟೀಲಿ ಇರೋರಿಗೆ ಹೆಡ್ ಮೇಡಂ ಬೇರೆ ವ್ಯವಸ್ಥೆ ಮಾಡ್ತಾರೆ," ಎಂದು ಹೇಳಿ ಟೀಚರ್ ಅದೇ ಆಟೋ ಹತ್ತಿ ಹೋದರು.

ಬೇರೆ ವ್ಯವಸ್ಥೆ ಏನೆಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಕೇಳುವುದೇನಿದೆ? ಕೊನೆಯ ಬೆಂಚು, ಗೋಡೆ ಬದಿಯ ಜಾಗ, ಅವನಿಗೆ ಗೊತ್ತಿಲ್ಲದ ವ್ಯವಸ್ಥೆಯೇ? ಮಗಳನ್ನು ಬಿಟ್ಟು ಮುಂದೆ ಹೋಗುವ ಪ್ರಶ್ನೆಗಳು ಅವನಿಗೆ ಆಗಲೇ ಕೇಳಿಸತೊಡಗಿದವು. ಸಂಜೆಯವರೆಗೆ ಆ ತಕ್ಕಡಿಯ ತುಕ್ಕು ಉಜ್ಜಿದ, ಎಣ್ಣೆ ಬಿಟ್ಟ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸರಿ ಮಾಡಿದ. ಇಷ್ಟು ಸರಿಯಾದ ತಕ್ಕಡಿ ಮಗಳನ್ನು ಬಿಡುವುದುಂಟೇ?

ಶನಿವಾರ ಮಧ್ಯಾಹ್ನ ಬಾಗಿಲು ಅರ್ಧ ಎಳೆದುಕೊಂಡು ಜಾರುಗುಂಡನ್ನು ಕಳಚಿದ. ಏಳುನೂರು ಗ್ರಾಂ ತೂಗುವ ಗುಂಡು. ಹೊಟ್ಟೆ ಕೊರೆದು, ನೂರು ಗ್ರಾಂ ಹೆಚ್ಚಾಗುವಂತೆ ಸೀಸ ಕಾಯಿಸಿ ಸುರಿದ, ಮೇಲೆ ಬಣ್ಣ ಬಳಿದ. ಹಲಗೆ ಖಾಲಿ ಇದ್ದಾಗ ಸೊನ್ನೆಗೆ ನಿಲ್ಲುವಂತೆ ಹಿಂದಿನ ತಿರುಪನ್ನೂ ಹೊಂದಿಸಿದ. ಇನ್ನು ಈ ತಕ್ಕಡಿ ಎಂಟನ್ನು ಏಳು ಎನ್ನುತ್ತದೆ. ನಲವತ್ತೆಂಟು ಕೆ.ಜಿ.ಯ ಮಗು ನಲವತ್ತೆರಡಾಗುತ್ತದೆ. ಅವಳ ಎತ್ತರಕ್ಕೆ ಅದು ತಕ್ಕ ತೂಕವೇ, ಶಾಲೆಯ ಗೋಡೆಯ ಮೇಲಿನ ಚಾರ್ಟನ್ನು ಅವನು ಎಷ್ಟು ಸಲ ನೋಡಿದ್ದನೋ! ಉಳಿದ ಮಕ್ಕಳದ್ದೂ ಕಡಿಮೆಯಾಗುತ್ತದೆ ಎಂಬುದು ಹೊಳೆಯದೆ ಇರಲಿಲ್ಲ. ಒಂದೆರಡು ಕೆ.ಜಿ.ಯಿಂದ ಯಾರ ಗಂಟೇನು ಹೋಗುತ್ತದೆ ಎಂದುಕೊಂಡ.

ಸೋಮವಾರ ಕಳೆಯಿತು. ಮಗಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. "ತೂಕ ಎಷ್ಟು ಬಂತು ಪುಟ್ಟಾ?" ಎಂದು ಕೇಳಿದಾಗ, "ನಲವತ್ತೆರಡು," ಎಂದು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು. ಅವನು ಉಸಿರು ಬಿಟ್ಟ. ಅವಳು ಪುಟ ಮಗುಚದೆ ಕೂತಿದ್ದಾಳೆ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ.

ಬುಧವಾರ ಇಸ್ತ್ರಿ ಅಂಗಡಿಯ ಅಜ್ಜಿ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳ ಮೊಮ್ಮಗಳೂ ಅದೇ ಶಾಲೆ.

"ಇಪ್ಪತ್ತೊಂದೇ ಕೇಜಿ ಅಂತೆ ಕಣಪ್ಪಾ. ಮಗು ಸವೀತಿದೆ, ಏನು ಕಾಯಿಲೆನೋ ನೋಡ್ಸಿ ಅಂತ ಚೀಟಿ ಕೊಟ್ಟವ್ರೆ. ಹದಿನಾಲ್ಕು ಮಕ್ಕಳಿಗೆ ಕೊಟ್ಟವ್ರಂತೆ. ಹೊಟ್ಟೆ ತುಂಬಾ ಹಾಕ್ತೀನಪ್ಪಾ ನಾನು. ಅದೆಲ್ಲಿಗೆ ಹೋಗ್ತದೆ?"

ಅದೆಲ್ಲಿಗೆ ಹೋಗುತ್ತದೆಂದು ಆ ಬೀದಿಯಲ್ಲಿ ಗೊತ್ತಿದ್ದವನು ಒಬ್ಬನೇ. ಅವನು ತಲೆ ತಗ್ಗಿಸಿಕೊಂಡು ಯಾವುದೋ ತಿರುಪನ್ನು ಬಿಗಿ ಮಾಡಿದ, ಆಗಲೇ ಬಿಗಿಯಾಗಿದ್ದ ತಿರುಪನ್ನು.

ಶುಕ್ರವಾರ ಅವನ ಮನೆಗೂ ಕಾಗದ ಬಂತು. ಡಾಕ್ಟರಮ್ಮನ ಸಹಿ. ಅವನು ನಿಂತೇ ಓದಿದ, ಓದಿದ ಮೇಲೆ ಕೂತ. ಮಗುವಿನ ತೂಕ ಸರಿಯಾಗಿದೆ. ಆದರೆ ಓಟದಲ್ಲಿ ಎಲ್ಲರಿಗಿಂತ ಹಿಂದೆ, ಅರ್ಧದಲ್ಲೇ ಉಸಿರು ಕಟ್ಟಿ ನಿಂತಿದ್ದಾಳೆ. ಯೋಚನೆಯ ಪರೀಕ್ಷೆಯಲ್ಲಿ ನಲವತ್ತರಲ್ಲಿ ಐದು. ತೂಕ ಹೆಚ್ಚಿದ್ದರೆ, ಆಟೋಟ ಕಡಿಮೆಯಾಗಿದ್ದರೆ ಹೀಗಾಗುವುದುಂಟು. ಈ ಮಗುವಿನ ತೂಕ ಸರಿ ಇರುವುದರಿಂದ ಬೇರೆ ಕಾರಣ ಹುಡುಕಬೇಕಾಗಿದೆ. ಮೈ ತುಂಬಿಕೊಂಡಂತೆ ಕಾಣುವುದು ಊತವೂ ಇರಬಹುದು. ಹೃದಯ, ಮೂತ್ರಪಿಂಡ, ಮಿದುಳಿನ ಪರೀಕ್ಷೆಗೆ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ, ಬುಧವಾರ ಹತ್ತು ಗಂಟೆಗೆ ತಂದೆ ತಾಯಿ ಬರಬೇಕು.

ಮಿಲಿಗ್ರಾಂ ಕಾಗದ ಮಡಚಿ ಜೇಬಿಗೆ ಹಾಕಿದ. ಕೊನೆಯ ಬೆಂಚಿನಿಂದ ತಪ್ಪಿಸಲು ಹೋಗಿ ಮಗಳನ್ನು ಆಸ್ಪತ್ರೆಯ ಮಂಚದವರೆಗೆ ತಂದು ನಿಲ್ಲಿಸಿದ್ದ.

ಎದ್ದು ಹೋಗಿ ನಿಜ ಹೇಳಿಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಹೆದರಿದವನ ತಲೆ ಅಷ್ಟು ನೇರವಾಗಿ ಓಡುವುದಿಲ್ಲ. ತೂಕ ಸುಳ್ಳು ಸರಿ, ಆ ಐದು ಅಂಕ ಸುಳ್ಳೇ? ಅದಕ್ಕೆ ಅವನು ಸೀಸ ತುಂಬಿರಲಿಲ್ಲವಲ್ಲ. ನಿಜಕ್ಕೂ ಮಗುವಿನ ತಲೆಗೆ ಏನೋ ಆಗಿದ್ದರೆ? ಅವನ ತಲೆಯ ಮಣ್ಣೇ ಮಗಳಿಗೂ ಬಂದಿದ್ದರೆ?

ಅವತ್ತಿನಿಂದ ಮಗಳ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾವಲು ಕೂತ. ಮನೆ ಮೂರನೇ ಮಹಡಿ. ಅವಳು ಮೆಟ್ಟಿಲು ಹತ್ತುವಾಗ ಹಿಂದೆಯೇ ಹತ್ತಿ ಅವಳ ಉಸಿರು ಎಣಿಸಿದ. ಎರಡನೇ ಮಹಡಿಯಲ್ಲಿ ಅವಳು ಕಟಕಟೆ ಹಿಡಿದು ನಿಂತರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಅವನಿಗೂ ದಮ್ಮು ಹತ್ತಿರುತ್ತಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಊತವಿದ್ದರೆ ಒತ್ತಿದ ಜಾಗದಲ್ಲಿ ಗುಳಿ ಬೀಳುತ್ತದೆ ಎಂದು ಔಷಧಿ ಅಂಗಡಿಯವನು ಹೇಳಿದ್ದ. ಭಾನುವಾರ ಮಧ್ಯಾಹ್ನ ಮಗಳು ಮಲಗಿದ್ದಾಗ ಹೆಬ್ಬೆರಳಿನಿಂದ ಅವಳ ಕಾಲನ್ನು ಒತ್ತಿ ನೋಡಿದ. ಗುಳಿ ಬಿತ್ತೋ ಇಲ್ಲವೋ ಗೊತ್ತಾಗುವ ಮೊದಲೇ ಅವಳು ಕಣ್ಣು ಬಿಟ್ಟಳು.

"ಏನಪ್ಪಾ?"

"ಏನಿಲ್ಲ. ಸೊಳ್ಳೆ," ಎಂದ. ಹಾಗೇ ಬಿಡಲಾರದೆ, "ಏಳೆಂಟ್ಲಿ ಎಷ್ಟು ಪುಟ್ಟಾ?" ಎಂದು ಕೇಳಿದ.

ಮಗಳು ಅವನ ಮುಖವನ್ನೇ ನೋಡಿದಳು. ಅವಳ ತುಟಿಯ ಬಣ್ಣ ಇಳಿಯಿತು. ಬಹಳ ಹೊತ್ತಾದ ಮೇಲೆ, "ಐವತ್ತಾರು," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಐದನೇ ಕ್ಲಾಸಿನ ಮಗುವಿಗೆ ಏಳೆಂಟ್ಲಿ ಹೇಳಲು ಅಷ್ಟು ಹೊತ್ತೇ! ಅವನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಸದ್ದು ಹೊರಗೆ ಕೇಳದಂತೆ ಅತ್ತ.

ಮಂಗಳವಾರ ಬೆಳಿಗ್ಗೆ ಹೆಂಡತಿಯ ಎದುರು ಬಾಯಿ ಬಿಟ್ಟ. ಅವಳು ಕೂದಲು ಬಾಚುತ್ತಿದ್ದವಳು ಬಾಚಣಿಗೆ ಹಿಡಿದೇ ನಿಂತಳು.

"ನೀವಾ? ತಕ್ಕಡೀಗೆ?" ಎಂದಳು. ಆಮೇಲೆ ಅವಳಿಗೆ ಸಿಟ್ಟು ಬಂತು. "ಅಲ್ರೀ, ಇಲ್ಲದ ಕಾಯಿಲೆಗೆ ಆ ಮಗೂಗೆ ಸೂಜಿ ಚುಚ್ಚಿಸ್ತೀರಾ? ಇಸ್ತ್ರಿ ಅಜ್ಜಿ ನಾಲ್ಕು ದಿನದಿಂದ ಆಸ್ಪತ್ರೆ ಬಾಗಿಲು ಕಾಯ್ತಾ ಇದ್ದಾಳೆ!"

"ಹೇಳಿದ್ರೆ ಲೈಸೆನ್ಸ್ ಹೋಗುತ್ತೆ."

"ಹೋಗ್ಲಿ. ನನ್ನ ಸಂಬಳ ಇದೆ, ಉಪವಾಸ ಬೀಳಲ್ಲ."

"ಹೇಳಿದ ಮೇಲೂ ಮಗೂಗೆ ಕಾಯಿಲೆ ಇದೆ ಅಂದ್ರೆ?"

ಹೆಂಡತಿ ಬಾಚಣಿಗೆ ಕೆಳಗಿಟ್ಟಳು. ಆ ಪ್ರಶ್ನೆಗೆ ಅವಳಿಗೂ ಹೆದರಿಕೆಯಾಯಿತು. "ಹಾಗಿದ್ರೆ ನಿಜವಾದ ತೂಕ ನೋಡಿ ಔಷಧಿ ಕೊಡ್ಲಿ," ಎಂದಳು.

ಬುಧವಾರ ಮೂವರೂ ಹೋದರು. ಮಿಲಿಗ್ರಾಂ ಕೈಚೀಲದಲ್ಲಿ ಇಲಾಖೆಯ ಮುದ್ರೆ ಇರುವ ಹತ್ತು ಕೆ.ಜಿ.ಯ ಎರಡು ಕಲ್ಲು, ಒಂದು ಉಳಿ ಹೊತ್ತಿದ್ದ. ಕೋಣೆಯಲ್ಲಿ ಹೆಡ್ ಮೇಡಂ, ಡಾಕ್ಟರಮ್ಮ, ಡ್ರಿಲ್ ಟೀಚರ್ ಕೂತಿದ್ದರು. ಮೂಲೆಯಲ್ಲಿ ಅದೇ ತಕ್ಕಡಿ. ಡಾಕ್ಟರಮ್ಮ ಆಗಲೇ ಆಸ್ಪತ್ರೆಯ ಚೀಟಿ ಬರೆಯುತ್ತಿದ್ದರು.

"ಕೂತ್ಕೊಳ್ಳಿ. ಹೆದರಬೇಡಿ, ಒಂದು ನಾಲ್ಕೈದು ಪರೀಕ್ಷೆ ಅಷ್ಟೇ..."

"ಮೇಡಂ, ಬರೀಬೇಡಿ," ಎಂದ ಅವನು. ಮಾತಿನಲ್ಲಿ ಹೇಳಲಾಗದು ಎಂದು ಗೊತ್ತಾಗಿ ತಕ್ಕಡಿಯ ಹತ್ತಿರ ಹೋದ. ಎರಡೂ ಕಲ್ಲುಗಳನ್ನು ಹಲಗೆಯ ಮೇಲಿಟ್ಟು ಜಾರುಗುಂಡು ಸರಿಸಿದ. ಪಟ್ಟಿ ಸಮನಾಗಿ ನಿಂತಿತು.

ಹೆಡ್ ಮೇಡಂ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಹದಿನೇಳೂವರೆ. ಕಲ್ಲು ಎಷ್ಟರದ್ದು?"

"ಇಪ್ಪತ್ತು."

"ಕೆಟ್ಟುಹೋಗಿದೆಯಾ ಹಾಗಾದ್ರೆ?"

ಹೌದು ಎಂದುಬಿಡಬಹುದಿತ್ತು. ತಕ್ಕಡಿ ಕೈಕೊಟ್ಟಿದೆ, ಇನ್ನೊಮ್ಮೆ ಸರಿ ಮಾಡುತ್ತೇನೆ ಎಂದರೆ ಮಿಲಿಗ್ರಾಂನ ಮಾತನ್ನು ಯಾರು ಅನುಮಾನಿಸುತ್ತಿದ್ದರು? ಆ ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಅವನು ಹಿಂದೆ ತಿರುಗಿ ಮಗಳನ್ನು ನೋಡಿದ. ಅವಳು ಅಮ್ಮನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಕೆಟ್ಟಿಲ್ಲ. ನಾನೇ ಕೆಡಿಸಿದೆ. ಗುಂಡಿನೊಳಗೆ ಸೀಸ ತುಂಬಿದ್ದೀನಿ. ಮಗಳ ತೂಕ ಪಟ್ಟಿಗೆ ಬರಬಾರದು ಅಂತ."

ಮೊದಲು ಮಾತಾಡಿದವಳು ಮಗಳು.

"ಅಪ್ಪನ್ನ ಪೊಲೀಸ್‌ಗೆ ಕೊಡ್ಬೇಡಿ ಮಿಸ್! ಎಲ್ಲರದ್ದೂ ನಾನು ಸರಿ ಮಾಡಿಟ್ಟಿದ್ದೀನಿ."

ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ಕೊನೆಯ ಪುಟದಲ್ಲಿ ತರಗತಿಯ ಮೂವತ್ತೊಂದು ಮಕ್ಕಳ ಪಟ್ಟಿ ಇತ್ತು. ಒಬ್ಬೊಬ್ಬರ ಮುಂದೂ ಎರಡು ಅಂಕಿ, ತೂಗುವಾಗ ಕೂಗಿ ಹೇಳಿದ್ದು ಒಂದು, ಅವಳು ಸರಿ ಮಾಡಿದ್ದು ಇನ್ನೊಂದು. ಇಪ್ಪತ್ತೊಂದರ ಪಕ್ಕ ಇಪ್ಪತ್ತನಾಲ್ಕು, ಇಪ್ಪತ್ತೆಂಟರ ಪಕ್ಕ ಮೂವತ್ತೆರಡು. ಡಾಕ್ಟರಮ್ಮ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದು ಹೇಗೆ ಗೊತ್ತಾಯ್ತು ನಿಂಗೆ?"

"ಅಂಗಡೀಲಿ ಹಿಂದಿನ ದಿನ ನಲವತ್ತೆಂಟು ಇದ್ದೆ. ಇಲ್ಲಿ ನಲವತ್ತೆರಡು ಬಂತು. ಆರು ಕಮ್ಮಿ. ಡ್ರಿಲ್ ಮಿಸ್ ಯಾವಾಗ್ಲೂ ತಮ್ಮ ತೂಕ ಐವತ್ತಾರು ಅಂತಿರ್ತಾರೆ. ಅವರು ಹತ್ತಿದಾಗ ನಲವತ್ತೊಂಬತ್ತು ಬಂತು, ಖುಷೀಲಿ ಎಲ್ಲರಿಗೂ ಹೇಳಿದ್ರು. ಅವರಿಗೆ ಏಳು ಕಮ್ಮಿ. ದಪ್ಪ ಇದ್ದೋರಿಗೆ ಜಾಸ್ತಿ ಹೋಗ್ತಿದೆ ಅಂತ ಗೊತ್ತಾಯ್ತು. ಎಂಟರಲ್ಲಿ ಒಂದು ಪಾಲು." ಅವಳು ಮೂಗೆಳೆದುಕೊಂಡಳು. "ತಕ್ಕಡಿ ಬಿಚ್ಚಿದ್ದು ಅಪ್ಪ ಒಬ್ರೇ. ಅಪ್ಪನ ಕೈಯಲ್ಲಿ ತಪ್ಪಾಗಲ್ಲ. ಹಾಗಾದ್ರೆ ಬೇಕೂಂತ್ಲೇ ಮಾಡಿದ್ದು."

"ಆ ಪರೀಕ್ಷೇಲಿ ಚಿತ್ರ ಯಾಕೆ ಜೋಡಿಸಲಿಲ್ಲ?" ಡಾಕ್ಟರಮ್ಮನ ದನಿ ಮೆತ್ತಗಾಗಿತ್ತು.

"ಚಿತ್ರ ಕಾಣಿಸ್ತಾನೇ ಇರ್ಲಿಲ್ಲ. ಅಪ್ಪನ್ನ ಹಿಡ್ಕೊಂಡು ಹೋಗ್ತಾರೆ ಅಂತ ಹೆದರಿಕೆ. ಮೊನ್ನೆ ಅಪ್ಪ ಏಳೆಂಟ್ಲಿ ಕೇಳಿದಾಗ, ಎಂಟು ಏಳಾಗಿರೋದು ನಂಗೆ ಗೊತ್ತು ಅಂತ ಅಪ್ಪಂಗೂ ಗೊತ್ತಾಗಿದೆ ಅಂದ್ಕೊಂಡೆ."

ಡಾಕ್ಟರಮ್ಮ ಬರೆಯುತ್ತಿದ್ದ ಚೀಟಿಯನ್ನು ಅಡ್ಡ ಹರಿದರು. ಪೂರ್ತಿ ಬಿಡಲಿಲ್ಲ, ಓಡುವಾಗ ಉಸಿರು ಕಟ್ಟಿದ್ದು ನಿಜ, ಎದೆಯನ್ನೊಮ್ಮೆ ನೋಡಿಯೇ ನೋಡುತ್ತೇನೆ ಎಂದರು. ಚಿತ್ರದ ಪರೀಕ್ಷೆ ಬೇರೆ ದಿನ ಇನ್ನೊಮ್ಮೆ. ಹೆಡ್ ಮೇಡಂ ಮುಖ ಮಾತ್ರ ಸಡಿಲವಾಗಲಿಲ್ಲ. ಹದಿನಾಲ್ಕು ಮನೆಗಳನ್ನು ಹೆದರಿಸಿದ್ದೀರಿ, ಇಲಾಖೆಗೆ ನಾನು ಬರೆಯಲೇಬೇಕು ಎಂದರು. ಅದು ನ್ಯಾಯವೇ. ಅವನು ತಲೆಯಾಡಿಸಿದ.

"ಅಲ್ಲಾ, ಪಟ್ಟೀಲಿ ಇದ್ರೆ ಏನಾಗ್ತಿತ್ತು ಅಂತ ಅಂದ್ಕೊಂಡ್ರಿ?" ಎಂದರು ಡ್ರಿಲ್ ಟೀಚರ್, ಅಳುವೋ ಸಿಟ್ಟೋ ತಿಳಿಯದ ದನಿಯಲ್ಲಿ. "ದಿನಾ ಒಂದು ಗಂಟೆ ಜಾಸ್ತಿ ಆಟ. ಅದೇ ಬೇರೆ ವ್ಯವಸ್ಥೆ. ಓಡಾಡೋ ಮಕ್ಕಳಿಗೆ ಪಾಠಾನೂ ಚೆನ್ನಾಗಿ ಹತ್ತುತ್ತೆ ಅಂತ ಡಾಕ್ಟರಮ್ಮನೇ ಹೇಳಿ ಮಾಡಿಸಿದ್ದು."

ಹೆಂಡತಿ ಅದನ್ನೇ ವರ್ಷವಿಡೀ ಹೇಳಿದ್ದಳು. ಮಿಲಿಗ್ರಾಂ ನೆಲದ ಮೇಲೆ ಕೂತು, ಜಾರುಗುಂಡು ಕಳಚಿ, ಉಳಿಯಿಂದ ಸೀಸ ಕೀಳತೊಡಗಿದ. ಮಗಳು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವನ ಕೈಯನ್ನೇ ನೋಡಿದಳು.

"ನಾನು ಇರೋ ಹಾಗೇ ಇದ್ರೆ ನಿಂಗೆ ನಾಚಿಕೆನಾ ಅಪ್ಪ?"

ಉಳಿ ನಿಂತಿತು. ಅವಳು ಈ ಪ್ರಶ್ನೆಯನ್ನು ಒಂಬತ್ತು ದಿನ ಒಬ್ಬಳೇ ಇಟ್ಟುಕೊಂಡಿದ್ದಳು. ಪುಟ ಮಗುಚದ ಆ ಪುಸ್ತಕದ ಹಿಂದೆ, ಗೋಡೆಯ ಕಡೆ ತಿರುಗಿದ ಆ ಮುಖದ ಮೇಲೆ ಇದೇ ಇತ್ತು, ಅವನು ಊತ ಹುಡುಕುತ್ತಿದ್ದ.

"ಇಲ್ಲ ಕಣೇ ಪುಟ್ಟಾ. ನಾಚಿಕೆ ಅಲ್ಲ. ಹೆದರಿಕೆ. ನಿನ್ನನ್ನ ಎಲ್ಲಿ ದಡ್ಡಿ ಅಂತಾರೋ ಅಂತ ಹೆದರಿಕೆ."

"ನೀನೂ ಹಾಗೇ ಅಂದ್ಕೊಂಡಿದ್ದಾ?"

ಇಲ್ಲ ಎನ್ನಲು ಬಾಯಿ ತೆರೆದ. ಕೋಣೆಯಲ್ಲಿ ಅಷ್ಟು ಜನರಿದ್ದರು, ಅವನು ಅವಳೊಬ್ಬಳನ್ನೇ ನೋಡಿದ.

"ಹೂಂ. ಅಂದ್ಕೊಂಡಿದ್ದೆ. ತಪ್ಪಾಯ್ತು," ಎಂದ.

ಮಗಳು ಅಳಲಿಲ್ಲ. ಸ್ವಲ್ಪ ದೂರ ಸರಿದು ಕೂತಳು. ಸೀಸದ ಚೂರುಗಳನ್ನೆಲ್ಲ ಕಿತ್ತು, ಗುಂಡನ್ನು ಪಟ್ಟಿಗೆ ಸೇರಿಸಿ, ತಿರುಪು ಹೊಂದಿಸಿ, ಕಲ್ಲಿಟ್ಟು ಪರೀಕ್ಷಿಸುವವರೆಗೂ ಅವಳು ಅಲ್ಲೇ ಇದ್ದಳು. ಇಪ್ಪತ್ತು ಇಪ್ಪತ್ತೇ ಆಯಿತು. ಅವನು ಕಲ್ಲು ಇಳಿಸಿದ. ಅವಳನ್ನು ಕರೆಯಲು ಧೈರ್ಯ ಸಾಲಲಿಲ್ಲ. ಅವಳೇ ಎದ್ದು, ಚಪ್ಪಲಿ ಬಿಟ್ಟು, ಹಲಗೆ ಹತ್ತಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತಳು.

ಅವನು ಗುಂಡು ಸರಿಸಿದ. ಪಟ್ಟಿ ಒಮ್ಮೆ ತೂಗಾಡಿ ಸಮನಾಯಿತು. ಆರು ತಿಂಗಳಿಂದ ಬರೆಯಲಾಗದಿದ್ದ ಅಂಕಿಯನ್ನು ಅವನು ಕೋಣೆಗೆಲ್ಲ ಕೇಳುವಂತೆ ಹೇಳಿದ.

"ನಲವತ್ತೆಂಟು. ಪಟ್ಟೀಲಿ ಬರ್ಕೊಳ್ಳಿ ಮೇಡಂ."